ಹದಿಹರೆಯದ ಮಕ್ಕಳು ಮತ್ತು ರೋಚಕ ಕಾದಂಬರಿಗಳು



ಒಂಬತ್ತನೆಯ ತರಗತಿಯಲ್ಲಿರುವ ನಿಮ್ಮ ಮಗಳು ಊಟಕ್ಕೆ ಮೂರು ಸಲ ಕರೆದರೂ ಏಳುವುದಿಲ್ಲ. ಜಪಸರದ ಹೊತ್ತಿಗೆ ಬಂದು ಕುಳಿತರೂ ಅವಳ ಮನಸ್ಸು ತಲೆದಿಂಬಿನ ಕೆಳಗೆ ಬಚ್ಚಿಟ್ಟ ಪುಸ್ತಕದಲ್ಲಿದೆ. ರಾತ್ರಿ ಹನ್ನೊಂದಾದರೂ ಕೋಣೆಯ ದೀಪ ಆರಿಲ್ಲ. ಏನಿದೆಂದು ತೆಗೆದು ನೋಡಿದರೆ ಕಪ್ಪು ರಕ್ಷಾಪುಟ, ಕೆಂಪು ಅಕ್ಷರ, ಹೆಸರಿನಲ್ಲೇ ಕೊಲೆ. ನಿಮಗೆ ಗಾಬರಿ. ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ ಕೇಳುತ್ತೀರಿ: "ಫಾದರ್, ಇಂಥದ್ದನ್ನೆಲ್ಲ ಮಕ್ಕಳು ಓದಬಹುದೇ?"

ಹಿಂದಿನ ಕಾಲದಲ್ಲಾದರೆ ಇಂಥ ಪ್ರಶ್ನೆಗೆ ರೋಮಿನಿಂದಲೇ ಒಂದು ಪಟ್ಟಿ ಬರುತ್ತಿತ್ತು. ನಿಷಿದ್ಧ ಗ್ರಂಥಗಳ ಪಟ್ಟಿ 1559ರಲ್ಲಿ ಹೊರಬಂತು. ಆರನೆಯ ಪೌಲರು ಪೋಪರಾಗಿದ್ದಾಗ, 1966ರಲ್ಲಿ, ಅದರ ಕಾನೂನುಬಲ ಕೊನೆಗೊಂಡಿತು. ಪಟ್ಟಿ ಹೋಯಿತು, ವಿವೇಚನೆಯ ಹೊಣೆ ಉಳಿಯಿತು. ಆ ಹೊಣೆ ಈಗ ನಿಮ್ಮ ಮನೆಯ ಊಟದ ಮೇಜಿಗೇ ಬಂದು ಕುಳಿತಿದೆ. ಪುಸ್ತಕವನ್ನು ಕಿತ್ತುಕೊಳ್ಳುವುದು ಸುಲಭ, ಅದನ್ನು ತೆರೆದು ನೋಡುವುದಕ್ಕೆ ಸ್ವಲ್ಪ ಶ್ರಮ ಬೇಕು. ಈ ವಾರ ಆ ಶ್ರಮವನ್ನು ನಾವಿಬ್ಬರೂ ಸೇರಿ ಪಡೋಣ.

ಕುತೂಹಲ ಹುಟ್ಟುವುದು ಹೇಗೆ?

ಚಲನಚಿತ್ರ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಲಂಡನ್ನಿನ ಒಂದು ಕಥೋಲಿಕ ಮನೆಯಲ್ಲಿ ಹುಟ್ಟಿ, ಜೆಸ್ವಿತರ ಶಾಲೆಯಲ್ಲಿ ಓದಿದವರು. ಅವರು ಒಂದು ಉದಾಹರಣೆ ಕೊಡುತ್ತಿದ್ದರು. ಇಬ್ಬರು ಮೇಜಿನ ಮುಂದೆ ಕುಳಿತು ಏನೋ ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿದ್ದ ಬಾಂಬು ಸಿಡಿಯುತ್ತದೆ. ನೋಡುವವರು ಬೆಚ್ಚಿಬೀಳುತ್ತಾರೆ, ಕೆಲವು ಕ್ಷಣಗಳಲ್ಲಿ ಅದು ಮುಗಿದುಹೋಗುತ್ತದೆ. ಅದೇ ದೃಶ್ಯದಲ್ಲಿ ಬಾಂಬು ಇಟ್ಟದ್ದು ನಮಗೆ ಮೊದಲೇ ಗೊತ್ತಿದ್ದು, ಹರಟುತ್ತಿರುವ ಇಬ್ಬರಿಗೆ ಗೊತ್ತಿಲ್ಲದಿದ್ದರೆ? ಆಗ ಅವರ ಹರಟೆಯ ಪ್ರತಿ ನಿಮಿಷವೂ ನಮಗೆ ಯಾತನೆ. 'ಎದ್ದು ಹೋಗಿರಯ್ಯಾ' ಎಂದು ಕೂಗಬೇಕೆನ್ನಿಸುತ್ತದೆ. ಮೊದಲನೆಯದು ಬರೀ ಬೆಚ್ಚಿಸುವುದು. ಎರಡನೆಯದೇ ಸಸ್ಪೆನ್ಸ್.

ಎರಡಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಬೆಚ್ಚಿಬೀಳಲು ಆ ಇಬ್ಬರ ಬಗ್ಗೆ ನಮಗೆ ಕಾಳಜಿ ಇರಬೇಕಾಗಿಲ್ಲ. ಆತಂಕದಿಂದ ಕಾಯಲು ಕಾಳಜಿ ಬೇಕು. ಅವರು ಉಳಿಯಲಿ ಎಂಬ ಆಸೆಯಿದ್ದರೆ ಮಾತ್ರ ಅವರು ಸಾಯುತ್ತಾರೇನೋ ಎಂಬ ಭಯ ಹುಟ್ಟುತ್ತದೆ.

ಸಂತ ಥಾಮಸ್ ಅಕ್ವಿನಾಸರು ಇದನ್ನು ಏಳು ಶತಮಾನಗಳ ಹಿಂದೆಯೇ ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ವಿವರಿಸಿದ್ದಾರೆ. ಭಯವೆಂಬುದು ಮುಂದೆ ಬರಲಿರುವ ಕೇಡಿಗೆ ಸಂಬಂಧಿಸಿದ್ದು. ಆದರೆ ತಪ್ಪಿಸಿಕೊಳ್ಳುವ ಭರವಸೆ ಒಂದಿಷ್ಟೂ ಇಲ್ಲದ ಕಡೆ ಭಯವೂ ಇರುವುದಿಲ್ಲ ಎನ್ನುತ್ತಾರೆ. ಶಿರಚ್ಛೇದಕ್ಕೆ ತಲೆಯೊಡ್ಡಿ ಆಗಿರುವವನ ಉದಾಹರಣೆಯನ್ನು ಅರಿಸ್ಟಾಟಲನಿಂದ ತೆಗೆದುಕೊಳ್ಳುತ್ತಾರೆ. ಅವನಿಗೆ ಇನ್ನು ಕಾಯುವುದಕ್ಕೆ ಏನೂ ಉಳಿದಿಲ್ಲ, ಆದ್ದರಿಂದ ಹೆದರುವುದಕ್ಕೂ ಏನೂ ಉಳಿದಿಲ್ಲ. ಸೆಮಿನರಿಯಲ್ಲಿ ಈ ಪಾಠವನ್ನು ಓದುವಾಗ ನಮಗೆ ಅದು ಒಣ ತರ್ಕದಂತೆ ಕಂಡಿತ್ತು. ಆದರೆ ನಿಮ್ಮ ಮಗಳು ಹನ್ನೊಂದು ಗಂಟೆಗೆ ಏಕೆ ಪುಟ ತಿರುವುತ್ತಿದ್ದಾಳೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಅವಳಿಗೆ ಭರವಸೆಯಿದೆ. ಭರವಸೆ ಇರುವುದರಿಂದಲೇ ಭಯ. ಎರಡೂ ಇರುವುದರಿಂದಲೇ ನಿದ್ದೆಯಿಲ್ಲ.

ಒಳ್ಳೆಯ ರೋಚಕ ಕಾದಂಬರಿಯನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ಗೆರೆ ಇಲ್ಲೇ ಎಲ್ಲೋ ಇದೆ. ರಕ್ತ ಎಷ್ಟು ಹರಿಯಿತು ಎಂಬುದು ಎರಡನೆಯ ಪ್ರಶ್ನೆ. ಓದುವ ಮಗು ಯಾರು ಉಳಿಯಲಿ ಎಂದು ಹಾರೈಸುತ್ತಿದೆ ಎಂಬುದು ಮೊದಲನೆಯದು.

ಹಿಚ್‌ಕಾಕರು 1936ರಲ್ಲಿ 'ಸೆಬೊಟಾಜ್' ಎಂಬ ಚಿತ್ರ ಮಾಡಿದರು. ಅದರಲ್ಲಿ ಒಬ್ಬ ಹುಡುಗ, ತನ್ನ ಕೈಯಲ್ಲಿರುವುದು ಬಾಂಬೆಂದು ತಿಳಿಯದೆ, ಊರಿನ ಬೀದಿಗಳಲ್ಲಿ ಅದನ್ನು ಹೊತ್ತು ಸಾಗುತ್ತಾನೆ. ದಾರಿಯುದ್ದಕ್ಕೂ ಅಡ್ಡಿ, ತಡ. ಕೊನೆಗೆ ಬಸ್ಸಿನಲ್ಲಿ ಬಾಂಬು ಸಿಡಿದು ಹುಡುಗ ಸಾಯುತ್ತಾನೆ. ಪ್ರೇಕ್ಷಕರು ಸಿಟ್ಟಾದರು. ಹಾಗೆ ಮಾಡಬಾರದಿತ್ತು ಎಂದು ಹಿಚ್‌ಕಾಕರೇ ಆಮೇಲೆ ಹೇಳಿಕೊಂಡರು. ಅಷ್ಟು ಹೊತ್ತು ಹುಡುಗನ ಮೇಲೆ ನಮಗೆ ಮಮತೆ ಬೆಳೆಸಿ, ಆ ಮಮತೆಯನ್ನು ಬೆಚ್ಚಿಸುವುದಕ್ಕೆ ಬಳಸಿಕೊಂಡರೆ ಅದು ನೋಡುವವನಿಗೆ ಮಾಡಿದ ವಂಚನೆ. ದೊಡ್ಡವರಿಗೇ ಅದು ನೋವುಂಟುಮಾಡಿತು. ಹದಿನಾಲ್ಕರ ಮಗುವಿಗೆ ಹೇಗಾಗಬೇಡ?

ನಮ್ಮ ಬೈಬಲಿನಲ್ಲೇ ಎರಡು ಪತ್ತೇದಾರಿ ಕಥೆಗಳು

ಈ ಬಗೆಯ ಕಥೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ದಾನಿಯೇಲನ ಗ್ರಂಥದ ಕೊನೆಯ ಎರಡು ಅಧ್ಯಾಯಗಳನ್ನು ತೆರೆಯಿರಿ. ಪ್ರೊಟೆಸ್ಟೆಂಟ್ ಸಹೋದರರ ಬೈಬಲಿನಲ್ಲಿ ಇವು ಗ್ರಂಥದ ಭಾಗವಾಗಿ ಇರುವುದಿಲ್ಲ, ನಮ್ಮದರಲ್ಲಿವೆ. ಹದಿಮೂರನೆಯ ಅಧ್ಯಾಯದಲ್ಲಿ ಸುಸನ್ನಳ ಮೇಲೆ ಇಬ್ಬರು ಹಿರಿಯರು ಸುಳ್ಳು ಆಪಾದನೆ ಹೊರಿಸುತ್ತಾರೆ. ತರುಣ ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಆ ಪಾಪ ಯಾವ ಮರದ ಕೆಳಗೆ ನಡೆಯಿತೆಂದು ಒಂದೇ ಪ್ರಶ್ನೆ ಕೇಳುತ್ತಾನೆ. ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಮತ್ತೊಂದು. ಸುಳ್ಳು ಬಯಲಾಗುತ್ತದೆ. ಸಾಕ್ಷಿಗಳನ್ನು ಬೇರ್ಪಡಿಸಿ ವಿಚಾರಿಸುವ ಈ ಕ್ರಮವನ್ನು ಇಂದಿಗೂ ಪೊಲೀಸರು ಬಿಟ್ಟಿಲ್ಲ.

ಹದಿನಾಲ್ಕನೆಯ ಅಧ್ಯಾಯ ಇನ್ನೂ ಸೊಗಸು. ಬೇಲ್ ಎಂಬ ವಿಗ್ರಹ ದಿನವೂ ರಾಶಿ ರಾಶಿ ಆಹಾರ ತಿನ್ನುತ್ತದೆಂದು ಅರಸನ ನಂಬಿಕೆ. ದಾನಿಯೇಲ ನೆಲದ ಮೇಲೆಲ್ಲ ಬೂದಿ ಚೆಲ್ಲಿಸುತ್ತಾನೆ. ಬಾಗಿಲಿಗೆ ಅರಸನ ಮುದ್ರೆ ಬೀಳುತ್ತದೆ. ಬೆಳಿಗ್ಗೆ ಮುದ್ರೆ ಹಾಗೇ ಇದೆ, ಆಹಾರ ಮಾಯವಾಗಿದೆ. ಅರಸ ಬೇಲನನ್ನು ಕೊಂಡಾಡುತ್ತಾನೆ. ದಾನಿಯೇಲ ನಗುತ್ತಾ ನೆಲ ತೋರಿಸುತ್ತಾನೆ. ಬೂದಿಯ ಮೇಲೆ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆಗುರುತು! ಎಪ್ಪತ್ತು ಪೂಜಾರಿಗಳು ಸಂಸಾರ ಸಮೇತ ಮೇಜಿನಡಿಯ ಗುಪ್ತದ್ವಾರದಿಂದ ಬಂದು ಉಂಡುಹೋಗುತ್ತಿದ್ದರು. ಇಂಗ್ಲೆಂಡಿನ ಲೇಖಕಿ ಡೊರೊತಿ ಸೇಯರ್ಸ್ 1928ರಲ್ಲಿ ಪತ್ತೇದಾರಿ ಕಥೆಗಳ ದೊಡ್ಡ ಸಂಕಲನವೊಂದನ್ನು ತಂದಾಗ ಈ ಎರಡು ಕಥೆಗಳನ್ನೂ ಅದರಲ್ಲಿ ಸೇರಿಸಿಕೊಂಡರು.

ಧರ್ಮಗುರುಗಳೂ ಈ ಕ್ಷೇತ್ರವನ್ನು ಬಿಟ್ಟವರಲ್ಲ. ಜಿ.ಕೆ. ಚೆಸ್ಟರ್ಟನ್ 1910ರಲ್ಲಿ ಸೃಷ್ಟಿಸಿದ ಫಾದರ್ ಬ್ರೌನ್ ನಿಮ್ಮಲ್ಲಿ ಹಲವರಿಗೆ ಪರಿಚಿತ. ದಿನವೂ ಪಾಪನಿವೇದನೆ ಕೇಳುವವನಿಗೆ ಮನುಷ್ಯನ ಕೇಡು ಗೊತ್ತಿರದೆ ಇರುತ್ತದೆಯೇ ಎಂಬುದು ಆ ಕುಳ್ಳ ಪಾದ್ರಿಯ ವಾದ. ಬೈಬಲನ್ನು ಇಂಗ್ಲಿಷಿಗೆ ಅನುವಾದಿಸಿದ ಮೊನ್ಸಿಞೊರ್ ರೊನಾಲ್ಡ್ ನಾಕ್ಸ್ ಸ್ವತಃ ಪತ್ತೇದಾರಿ ಕಾದಂಬರಿಗಳನ್ನು ಬರೆದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನೂ ವಿಧಿಸಿದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಪತ್ತೇದಾರನೇ ಅಪರಾಧಿ ಆಗಬಾರದು, ದೆವ್ವಭೂತ ತಂದು ಗಂಟು ಬಿಡಿಸಬಾರದು ಇತ್ಯಾದಿ. ಆಟದ ನಿಯಮಗಳಂತೆ ಕಾಣುವ ಇವು ಒಳಗಿನಿಂದ ಓದುಗನಿಗೆ ಸಲ್ಲಬೇಕಾದ ನ್ಯಾಯದ ಮಾತು.

ಕನ್ನಡದಲ್ಲೂ ಈ ಓದಿಗೆ ದೊಡ್ಡ ಪರಂಪರೆಯಿದೆ. ನಾಲ್ಕನೆಯ ತರಗತಿಯಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಅಕ್ಷರ ಕೂಡಿಸಿ ಓದಲು ಕಲಿತವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. ಪಂಡಿತರು ಮೂಗು ಮುರಿದರು, ಇರಲಿ. ಆ ಓದುಗರಲ್ಲಿ ಕೆಲವರು ಅಲ್ಲಿಂದ ಮುಂದೆ ಕುವೆಂಪು, ಕಾರಂತರವರೆಗೂ ನಡೆದುಹೋದರು. ತೇಜಸ್ವಿಯವರ 'ಜುಗಾರಿ ಕ್ರಾಸ್' 1994ರಲ್ಲಿ ಬಂತು. ಮಲೆನಾಡಿನ ಏಲಕ್ಕಿ ಬೆಳೆಗಾರ ದಂಪತಿಗಳು ಒಂದೇ ದಿನದಲ್ಲಿ ಸಿಕ್ಕಿಕೊಳ್ಳುವ ಆ ಜಾಲದ ಕಥೆಯನ್ನೂ, ಅವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ನರಭಕ್ಷಕಗಳ ಕಥೆಗಳನ್ನೂ ಹತ್ತನೆಯ ತರಗತಿಯ ಮಗುವಿನ ಕೈಗೆ ನಾನು ನಿಶ್ಚಿಂತೆಯಿಂದ ಕೊಡುತ್ತೇನೆ.

ಬಚ್ಚಿಟ್ಟ ಪಾಪದ ಕಥೆ

ಆದರೆ ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳ ಚೀಲದಲ್ಲಿರುವುದು ಬೇರೆ ಪುಸ್ತಕಗಳು. ಹದಿಹರೆಯದವರಿಗೆಂದೇ, ಹದಿಹರೆಯದವರನ್ನೇ ಪಾತ್ರ ಮಾಡಿ ಬರೆಯುವ ಸಸ್ಪೆನ್ಸ್ ಕಾದಂಬರಿಗಳು. ಅಮೆರಿಕದಲ್ಲಿ ಇವಕ್ಕೆ ದಾರಿ ಮಾಡಿದವರಲ್ಲಿ ಲೋಯಿಸ್ ಡಂಕನ್ ಮುಖ್ಯರು. ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

1973ರ ಅವರ ಒಂದು ಕಾದಂಬರಿಯ ಹೆಸರು 'ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್'. ನಾಲ್ವರು ಹುಡುಗ ಹುಡುಗಿಯರು ರಾತ್ರಿ ಕಾರಿನಲ್ಲಿ ಬರುವಾಗ ಸೈಕಲ್ಲಿನ ಮೇಲಿದ್ದ ಒಬ್ಬ ಚಿಕ್ಕ ಹುಡುಗನಿಗೆ ಗುದ್ದುತ್ತಾರೆ. ನಿಲ್ಲಿಸದೆ ಹೋಗುತ್ತಾರೆ. ಹುಡುಗ ಸಾಯುತ್ತಾನೆ. ಯಾರಿಗೂ ಹೇಳುವುದಿಲ್ಲವೆಂದು ನಾಲ್ವರೂ ಮಾತು ಕೊಟ್ಟುಕೊಳ್ಳುತ್ತಾರೆ. ಒಂದು ವರ್ಷದ ನಂತರ ಅವರಲ್ಲೊಬ್ಬಳಿಗೆ ಅಂಚೆಯಲ್ಲಿ ಒಂದು ಚೀಟಿ ಬರುತ್ತದೆ. ಅವರು ಮಾಡಿದ್ದು ಯಾರಿಗೋ ಗೊತ್ತಿದೆ.

ಈ ಕಥೆಯ ಭಯ ಎಲ್ಲಿಂದ ಬರುತ್ತಿದೆ ನೋಡಿ. ಬೆನ್ನಟ್ಟಿ ಬರುವವನಿಗಿಂತ ಹೆಚ್ಚಾಗಿ ಒಳಗೆ ಕೊಳೆಯುತ್ತಿರುವ ರಹಸ್ಯದಿಂದ. ಆ ಒಂದು ವರ್ಷದಲ್ಲಿ ಸ್ನೇಹ ಮುರಿದಿದೆ, ಪ್ರೀತಿ ಮುರಿದಿದೆ, ಒಬ್ಬ ಊರನ್ನೇ ಬಿಟ್ಟು ಹೋಗಿ ಬಂದಿದ್ದಾನೆ. ಧರ್ಮೋಪದೇಶದ ತರಗತಿಯಲ್ಲಿ ಒಮ್ಮೆ ಒಬ್ಬ ಹುಡುಗ ನನ್ನನ್ನು ಕೇಳಿದ: "ಫಾದರ್, ಗೆಳೆಯರೆಲ್ಲ ಸೇರಿ ಒಂದು ತಪ್ಪು ಮಾಡಿದರು ಅಂತ ಇಟ್ಟುಕೊಳ್ಳಿ. ಹೇಳಬಾರದು ಅಂತ ಆಣೆ ಇಟ್ಟಿದ್ದಾರೆ. ಒಬ್ಬ ಹೇಳಿಬಿಟ್ಟರೆ ಅದು ದ್ರೋಹವೇ?" ಇಂಥದೇ ಪುಸ್ತಕ ಓದಿ ಕೇಳಿದ್ದನೋ, ಬೇರೆ ಕಾರಣಕ್ಕೋ, ನಾನು ಕೆದಕಲಿಲ್ಲ. ಕೆಟ್ಟದ್ದನ್ನು ಕಾಯುವ ಆಣೆಗೆ ಯಾರೂ ಬದ್ಧರಲ್ಲ ಎಂದು ಉತ್ತರ ಕೊಟ್ಟೆ. ಮುಂದಿನ ಪ್ರಶ್ನೆ ಅವನು ತರಗತಿ ಮುಗಿದ ಮೇಲೆ, ಒಬ್ಬನೇ ಬಂದು ಕೇಳಿದ. ಹತ್ತು ಧರ್ಮೋಪದೇಶಗಳಲ್ಲಿ ಬಾರದ ಪ್ರಶ್ನೆ ಕೆಲವೊಮ್ಮೆ ಒಂದು ಕಥೆಯ ನೆಪದಲ್ಲಿ ಹೊರಬರುತ್ತದೆ.

ಡಂಕನ್ನರ ಇನ್ನೊಂದು ಕಾದಂಬರಿ 'ಕಿಲ್ಲಿಂಗ್ ಮಿಸ್ಟರ್ ಗ್ರಿಫಿನ್', 1978ರದು. ಕಟ್ಟುನಿಟ್ಟಿನ ಮೇಷ್ಟ್ರನ್ನು ಹೆದರಿಸಲೆಂದು ವಿದ್ಯಾರ್ಥಿಗಳು ಅಪಹರಿಸುತ್ತಾರೆ. ಆತ ಹೃದಯರೋಗಿ. ಔಷಧಿ ಸಿಗದೆ ಸಾಯುತ್ತಾರೆ. ಗುಂಪಿನಲ್ಲೊಬ್ಬಳು ಸೂಸನ್ ಎಂಬ ಒಳ್ಳೆಯ, ಒಂಟಿ ಹುಡುಗಿ. 'ನಮ್ಮ ಜೊತೆ ಬಾ' ಎಂದು ಯಾರೋ ಮೊದಲ ಸಲ ಕರೆದದ್ದಕ್ಕೆ ಹೋದವಳು. ಮಕ್ಕಳು ಕೆಡುವುದು ಕೆಟ್ಟ ಆಸೆಗಳಿಂದಲೇ ಎಂದು ನಾವು ತಿಳಿಯುತ್ತೇವೆ. ಸೇರಿಸಿಕೊಳ್ಳಲಿ ಎಂಬ ಆಸೆಯಿಂದ ಕೆಡುವವರೇ ಜಾಸ್ತಿ. ಈ ಕಾದಂಬರಿಗೆ ಅದು ಗೊತ್ತಿದೆ.

1989ರಲ್ಲಿ ಡಂಕನ್ನರ ಮತ್ತೊಂದು ರೋಚಕ ಕಾದಂಬರಿ ಪ್ರಕಟವಾಯಿತು. ಬಾಡಿಗೆ ಕೊಲೆಗಾರನಿಂದ ತಪ್ಪಿಸಿಕೊಂಡು ಓಡುವ ಹುಡುಗಿಯೊಬ್ಬಳ ಕಥೆ. ನಾಯಕಿಯ ಸ್ವಭಾವವನ್ನು ಅವರು ತಮ್ಮ ಕಿರಿಯ ಮಗಳಿಂದಲೇ ತೆಗೆದುಕೊಂಡಿದ್ದರು. ಅದೇ ವರ್ಷದ ಜುಲೈನಲ್ಲಿ, ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿ ನಗರದಲ್ಲಿ, ರಾತ್ರಿ ಕಾರು ಓಡಿಸುತ್ತಿದ್ದ ಆ ಮಗಳಿಗೆ ಯಾರೋ ಗುಂಡು ಹೊಡೆದರು. ಹದಿನೆಂಟು ವರ್ಷ. ಮರುದಿನ ತೀರಿಕೊಂಡಳು. ಯಾರು, ಏಕೆ ಎಂಬುದು ತಿಳಿಯಲಿಲ್ಲ. ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಗಂಟು ಬಿಡಿಸುತ್ತಿದ್ದ ತಾಯಿಗೆ ತನ್ನ ಮನೆಯ ಗಂಟು ಬಿಡಿಸಲಾಗಲಿಲ್ಲ. 1992ರಲ್ಲಿ 'ಹೂ ಕಿಲ್ಡ್ ಮೈ ಡಾಟರ್' ಎಂಬ ಪುಸ್ತಕ ಬರೆದು, ಗೊತ್ತಿದ್ದವರು ಮುಂದೆ ಬನ್ನಿ ಎಂದು ಬೇಡಿಕೊಂಡರು. 2016ರಲ್ಲಿ ಅವರು ತೀರಿಕೊಂಡರು. 2021ರಲ್ಲಿ ಒಬ್ಬಾತ ಈ ಕೊಲೆಯನ್ನು ತಾನು ಮಾಡಿದ್ದಾಗಿ ಪೊಲೀಸರ ಮುಂದೆ ಒಪ್ಪಿಕೊಂಡ. ತಾಯಿ ಸತ್ತು ಐದು ವರ್ಷವಾಗಿತ್ತು.

ಈ ನಡುವೆ, 1997ರಲ್ಲಿ, ಅವರ 1973ರ ಕಾದಂಬರಿ ಸಿನಿಮಾ ಆಯಿತು. ದೊಡ್ಡ ಯಶಸ್ಸು. ಡಂಕನ್ನರಿಗೆ ಮಾತ್ರ ಅದನ್ನು ನೋಡಿ ಆಘಾತವಾಯಿತು. ಕಾದಂಬರಿಯಲ್ಲಿ ಆ ನಾಲ್ವರಲ್ಲಿ ಒಬ್ಬರೂ ಸಾಯುವುದಿಲ್ಲ. ಸಿನಿಮಾದಲ್ಲಿ ಕಬ್ಬಿಣದ ಕೊಕ್ಕೆ ಹಿಡಿದ ಮೀನುಗಾರನೊಬ್ಬ ಒಬ್ಬೊಬ್ಬರನ್ನೇ ಸೀಳುತ್ತಾ ಹೋಗುತ್ತಾನೆ. ಕಾದಂಬರಿಯಲ್ಲಿ ಕಾರಿಗೆ ಸಿಕ್ಕಿ ಸತ್ತದ್ದು ಒಬ್ಬ ಚಿಕ್ಕ ಹುಡುಗ, ಒಂದು ಮನೆಯ ಮಗ. ಸಿನಿಮಾದಲ್ಲಿ ಕಾರಿಗೆ ಸಿಕ್ಕವನು ಆ ಕೊಲೆಗಾರನೇ. ಅಂದರೆ ನಾಲ್ವರ ಪಾಪಕ್ಕೆ ಬಲಿಯಾದ ಮುಗ್ಧ ಜೀವವನ್ನು ಕಥೆಯಿಂದಲೇ ತೆಗೆದುಹಾಕಿದರು. ಪಶ್ಚಾತ್ತಾಪಕ್ಕೆ ಕಾರಣವೇ ಉಳಿಯಲಿಲ್ಲ, ಉಳಿದದ್ದು ಕೊಕ್ಕೆ. ಮಗಳನ್ನು ಕೊಲೆಗೆ ಕಳೆದುಕೊಂಡ ತಾಯಿಗೆ, ತನ್ನದೇ ಹೆಸರಿನ ಕಥೆಯಲ್ಲಿ ಮಕ್ಕಳ ಸಾವಿಗೆ ಚಿತ್ರಮಂದಿರ ಕೇಕೆ ಹಾಕುವುದು ಹೇಗೆ ಕಂಡಿರಬೇಕು?

ಕಾದಂಬರಿಗೂ ಸಿನಿಮಾಕ್ಕೂ ಹೆಸರು ಒಂದೇ, ರಕ್ಷಾಪುಟದ ಬಣ್ಣವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ಹೊರಗಿನಿಂದ ನೋಡಿ ತೀರ್ಪು ಕೊಡಬೇಡಿ ಎನ್ನುತ್ತಿದ್ದೇನೆ.

(ನಡುವೆ ಒಂದು ಸಣ್ಣ ಮಾತು. ಡಂಕನ್ನರ ಹಳೆಯ ಕಾದಂಬರಿಗಳನ್ನು 2010ರ ಸುಮಾರಿಗೆ ಹೊಸದಾಗಿ ತಿದ್ದಿ ಪ್ರಕಟಿಸಿದರು. ತಿದ್ದಲು ಮುಖ್ಯ ಕಾರಣಗಳಲ್ಲೊಂದು ಮೊಬೈಲ್ ಫೋನ್. ಅಪಾಯದಲ್ಲಿರುವ ಹುಡುಗಿ ಫೋನ್ ತೆಗೆದು ಅಮ್ಮನಿಗೆ ಕರೆ ಮಾಡಿಬಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತದಲ್ಲ! ಈಗಿನ ಲೇಖಕರಿಗೆ ಮೊದಲು ಫೋನಿನ ಚಾರ್ಜು ಮುಗಿಸುವುದೇ ದೊಡ್ಡ ಕೆಲಸ.)

ಬಾಗಿಲು ಮುಚ್ಚಿದ ಕಥೆಗಳು

ರಾಬರ್ಟ್ ಕಾರ್ಮಿಯರ್ ಮ್ಯಾಸಚೂಸೆಟ್ಸ್ ರಾಜ್ಯದ ಕಥೋಲಿಕ ಕುಟುಂಬದವರು, ವೃತ್ತಿಯಲ್ಲಿ ಪತ್ರಕರ್ತರು. ಶಾಲೆಗೆ ಹಣ ಕೂಡಿಸಲು ಚಾಕೊಲೇಟ್ ಮಾರಲಾರೆ ಎಂದು ಅವರ ಮಗ ನಿರಾಕರಿಸಿದ ಒಂದು ಚಿಕ್ಕ ಸಂಗತಿಯಿಂದ 1974ರ 'ದಿ ಚಾಕೊಲೇಟ್ ವಾರ್' ಹುಟ್ಟಿತು. ಕಥೆ ನಡೆಯುವುದು ಕಥೋಲಿಕ ಹುಡುಗರ ಶಾಲೆಯಲ್ಲಿ. ಅಲ್ಲಿನ ಗುಪ್ತ ಗುಂಪು, ಅದರೊಡನೆ ಕೈಜೋಡಿಸುವ ಒಬ್ಬ ಬ್ರದರ್, ಒಂಟಿಯಾಗಿ ನಿಂತು ಏಟು ತಿನ್ನುವ ಹುಡುಗ. ನಮಗೆ, ಅಂದರೆ ಶಾಲೆ ನಡೆಸುವವರಿಗೆ, ಓದಲು ಹಿತವಾಗುವ ಪುಸ್ತಕವಲ್ಲ. ಅಮೆರಿಕದ ಗ್ರಂಥಾಲಯಗಳಿಂದ ಇದನ್ನು ತೆಗೆಯಿರಿ ಎಂಬ ದೂರು ಪದೇ ಪದೇ ಬಂದದ್ದೂ ಉಂಟು. ಆದರೂ ನಾನು ಇದನ್ನು ಕೆಟ್ಟ ಪುಸ್ತಕ ಎನ್ನಲಾರೆ. ಕೇಡು ಶಿಲುಬೆ ಧರಿಸಿಕೊಂಡೂ ಬರಬಹುದೆಂದು ಹದಿನಾರರ ಮಗುವಿಗೆ ತಿಳಿದಿರುವುದು ಒಳ್ಳೆಯದೇ.

ಅವರದೇ 'ಆಫ್ಟರ್ ದಿ ಫಸ್ಟ್ ಡೆತ್' (1979) ಇನ್ನೂ ಕಠಿಣ. ಪುಟ್ಟ ಮಕ್ಕಳಿದ್ದ ಬಸ್ಸನ್ನು ಉಗ್ರರು ಒತ್ತೆಯಿಟ್ಟುಕೊಳ್ಳುತ್ತಾರೆ. ಸೈನ್ಯದ ಜನರಲ್ ಒಬ್ಬ ಸಂದೇಶ ಕೊಟ್ಟು ತನ್ನ ಮಗನನ್ನೇ ಅವರ ಬಳಿಗೆ ಕಳಿಸುತ್ತಾನೆ. ಹಿಂಸೆಗೆ ಮಗ ಬಾಯಿಬಿಡುತ್ತಾನೆಂದು ಲೆಕ್ಕ ಹಾಕಿಯೇ ಕಳಿಸಿರುತ್ತಾನೆ. ಆದಿಕಾಂಡದ ಅಬ್ರಹಾಮ ಇಸಾಕರ ನೆನಪಾಗದೆ ಇರದು. ಇಲ್ಲಿ ಮಾತ್ರ ಕೈ ತಡೆಯುವ ದೇವದೂತ ಇಲ್ಲ. ಬಸ್ಸಿನಲ್ಲಿ ಮಕ್ಕಳು ಸಾಯುತ್ತಾರೆ, ಆ ಮಗನೂ ಉಳಿಯುವುದಿಲ್ಲ.

ಹಿಚ್‌ಕಾಕರು ಮಾಡಿ ಹಳಹಳಿಸಿದ್ದನ್ನೇ ಕಾರ್ಮಿಯರ್ ಮಾಡಿದ್ದಾರಲ್ಲ, ಹಾಗಾದರೆ ಇದು ವಂಚನೆಯಲ್ಲವೇ ಎಂದು ನೀವು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಅಲ್ಲ. ಸಾಯುವ ಮಗು ಇಲ್ಲಿ ಬೆಚ್ಚಿಸುವ ಸಾಧನವಲ್ಲ. ಆ ಸಾವಿನ ಭಾರವನ್ನು ಲೇಖಕರು ಕೊನೆಯ ಪುಟದವರೆಗೂ ಹೊರುತ್ತಾರೆ, ನಮ್ಮಿಂದಲೂ ಹೊರಿಸುತ್ತಾರೆ. ಆದರೆ ಹದಿಮೂರರ ಹೆಗಲಿಗೆ ಅದು ತಕ್ಕ ಭಾರವೂ ಅಲ್ಲ. ಪಿಯುಸಿ ಮುಟ್ಟಿದ ಮಗುವಿಗೆ, ಮನೆಯಲ್ಲಿ ಮಾತನಾಡಲು ಯಾರಾದರೂ ಇದ್ದರೆ, ಕೊಡಬಹುದು. ಒಳ್ಳೆಯ ಪುಸ್ತಕಕ್ಕೂ ಒಂದು ವಯಸ್ಸಿದೆ.

ಎಂಬತ್ತರ ದಶಕದ ಕೊನೆಗೆ ಕ್ರಿಸ್ಟೋಫರ್ ಪೈಕ್, ಆರ್.ಎಲ್. ಸ್ಟೈನ್ ಇಂಥವರ ಪುಸ್ತಕಗಳು ಸಾಲುಗಟ್ಟಿ ಬಂದವು. ಸ್ಟೈನರ 'ಫಿಯರ್ ಸ್ಟ್ರೀಟ್' ಮಾಲೆ 1989ರಲ್ಲಿ, ಚಿಕ್ಕವರ 'ಗೂಸ್‌ಬಂಪ್ಸ್' 1992ರಲ್ಲಿ ಆರಂಭವಾದವು. ಗೂಸ್‌ಬಂಪ್ಸ್ ಬಗ್ಗೆ ಅಷ್ಟೇನೂ ಚಿಂತೆ ಬೇಡ. ಅದು ಜಾತ್ರೆಯ ತೊಟ್ಟಿಲಿನಂತೆ, ಮೇಲಿನಿಂದ ಇಳಿಯುವಾಗ ಹೊಟ್ಟೆಯಲ್ಲಿ ಕಚಗುಳಿ, ಇಳಿದ ಮೇಲೆ ನಗು.

ಈಗಿನ ಮಕ್ಕಳು ಹೆಚ್ಚು ಓದುತ್ತಿರುವವು ಬೇರೆ. ಕ್ಯಾರೆನ್ ಮೆಕ್‌ಮಾನಸ್ ಅವರ 'ಒನ್ ಆಫ್ ಅಸ್ ಈಸ್ ಲೈಯಿಂಗ್' (2017) ಕಥೆಯಲ್ಲಿ, ಶಿಕ್ಷೆಗೆಂದು ಐವರು ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಒಬ್ಬ ಸಾಯುತ್ತಾನೆ. ಅವನು ಮೊಬೈಲಿನಲ್ಲಿ ಎಲ್ಲರ ಗುಟ್ಟು ಬಯಲು ಮಾಡುತ್ತಿದ್ದವನು. ಉಳಿದ ನಾಲ್ವರಲ್ಲೂ ಒಂದೊಂದು ರಹಸ್ಯ. ಚಾಡಿಮಾತು ಹೇಗೆ ಕೊಲ್ಲುತ್ತದೆಂದು ತೋರಿಸುವ ಬಿಗಿಯಾದ ಕಥೆ. ಆದರೆ ಕೊನೆಗೆ ಗಂಟು ಬಿಚ್ಚುವಾಗ ಆತ್ಮಹತ್ಯೆಯ ವಿಷಯ ಬರುತ್ತದೆ. ನಿಮ್ಮ ಮಗು ಈಚೆಗೆ ಮಂಕಾಗಿದ್ದರೆ, ಗೆಳೆಯರನ್ನು ಬಿಟ್ಟು ಒಂಟಿಯಾಗಿದ್ದರೆ, ಈ ಪುಸ್ತಕವನ್ನು ಮೊದಲು ನೀವು ಓದಿ. ಪುಸ್ತಕಕ್ಕಿಂತ ಮೊದಲು ಮಗುವಿನೊಡನೆ ಮಾತನಾಡಿ, ಬೇಕಾದರೆ ವೈದ್ಯರ ಬಳಿ ಕರೆದೊಯ್ಯಲು ನಾಚಬೇಡಿ.

ಹಾಲಿ ಜಾಕ್ಸನ್ನರ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' (2019) ಜಾಣ ಹುಡುಗಿಯೊಬ್ಬಳು ಶಾಲೆಯ ಯೋಜನೆಗಾಗಿ ಹಳೆಯ ಕೊಲೆಯೊಂದನ್ನು ಶೋಧಿಸುವ ಕಥೆ. ಸುಳಿವು ಜೋಡಿಸುವ ಕ್ರಮ ಚೆನ್ನಾಗಿದೆ. ಅದೇ ಮಾಲೆಯ ಮೂರನೆಯ ಪುಸ್ತಕಕ್ಕೆ (2021) ಬರುವಾಗ ಆ ಹುಡುಗಿಯೇ ಕಾನೂನನ್ನು ಕೈಗೆತ್ತಿಕೊಳ್ಳುತ್ತಾಳೆ. ನಾಕ್ಸರ ಕಟ್ಟಳೆ ಮುರಿಯಿತು ಎಂದು ನಗಬಹುದು. ನಗೆಯ ವಿಷಯವಲ್ಲ ಅದು. ಮೊದಲ ಪುಸ್ತಕದಿಂದ ಅವಳನ್ನು ಪ್ರೀತಿಸಿದ ಓದುಗರು ಈಗ ಅವಳು ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತಾರೆ. ನಮ್ಮ ಹಾರೈಕೆ ಯಾವ ಕಡೆಗೆ ವಾಲಿತು ಎಂದು ಮಗಳನ್ನು ಕೇಳಿ. "ಪೊಲೀಸರು ಏನೂ ಮಾಡಲಿಲ್ಲವಲ್ಲ ಅಪ್ಪ" ಎಂದು ಅವಳು ವಾದಿಸಬಹುದು. ವಾದಿಸಲಿ. ಆ ವಾದಕ್ಕೆ ನಿಮ್ಮಲ್ಲಿ ಸಿದ್ಧ ಉತ್ತರ ಇಲ್ಲದಿದ್ದರೂ ಚಿಂತೆಯಿಲ್ಲ.

ಕಣ್ಣಿಗೆ ಹತ್ತುವ ಅಮಲು

ಸಂತ ಅಗುಸ್ಟೀನರು ತಮ್ಮ ಆತ್ಮಕಥನದ ಆರನೆಯ ಭಾಗದಲ್ಲಿ ಗೆಳೆಯ ಅಲೀಪಿಯನ ಪ್ರಸಂಗ ಹೇಳುತ್ತಾರೆ. ಮನುಷ್ಯರು ಕಾದಾಡಿ ಸಾಯುವ ರೋಮಿನ ಆಟಗಳೆಂದರೆ ಅವನಿಗೆ ಅಸಹ್ಯ. ಗೆಳೆಯರು ಎಳೆದೊಯ್ದರು. ಕಣ್ಣು ಮುಚ್ಚಿ ಕುಳಿತ. ಜನ ಒಮ್ಮೆಲೇ ಬೊಬ್ಬೆ ಹಾಕಿದಾಗ ಕುತೂಹಲ ತಡೆಯದೆ ಕಣ್ಣು ತೆರೆದ. ಅಷ್ಟೇ. ರಕ್ತ ಕಂಡ ಕಣ್ಣನ್ನು ಮತ್ತೆ ಮುಚ್ಚಲಾಗಲಿಲ್ಲ. ಮುಂದೆ ಅವನೇ ಬೇರೆಯವರನ್ನು ಎಳೆದುಕೊಂಡು ಹೋಗುವಂತಾದ.

ಅಕ್ವಿನಾಸರೂ ಇದನ್ನೇ ಅಳತೆಗೋಲಾಗಿ ಇಡುತ್ತಾರೆ. ಪ್ರದರ್ಶನ ನೋಡುವುದು ಎಲ್ಲರಿಗೂ, ಯಾವಾಗಲೂ ಪಾಪವೆಂದು ಅವರು ಹೇಳುವುದಿಲ್ಲ. ಅದನ್ನು ನೋಡಿ ಮನುಷ್ಯ ಕಾಮಕ್ಕೋ ಕ್ರೌರ್ಯಕ್ಕೋ ವಾಲುವಂತಾದರೆ ದೋಷ. ಆದ್ದರಿಂದ ಪುಸ್ತಕವನ್ನು ನೋಡಿದಷ್ಟೇ ಮಗುವನ್ನೂ ನೋಡಿ. ಓದಿದ ಮೇಲೆ ತಂಗಿಯ ಮೇಲೆ ರೇಗುವುದು ಹೆಚ್ಚಿದೆಯೇ? ಸತ್ತವರ ಹೆಸರು ನೆನಪಿದೆಯೇ, ಅಥವಾ ಸತ್ತ ರೀತಿ ಮಾತ್ರವೇ? ಬಾಗಿಲು ಮೂರು ಸಲ ಪರೀಕ್ಷಿಸಿ ಮಲಗುವ ಮಗುವಿಗೆ ಸ್ವಲ್ಪ ದಿನ ಬೇರೆ ಓದು ಕೊಡಿ. ಓದಿದ ರಾತ್ರಿ ಬಚ್ಚಲಮನೆಗೆ ಹೋಗಲು ಅಮ್ಮನನ್ನು ಎಬ್ಬಿಸಿದರೆ ಅದೇನೂ ಕಾಯಿಲೆಯಲ್ಲ, ನಾವೂ ಬೇತಾಳನ ಕಥೆ ಕೇಳಿ ಎಬ್ಬಿಸಿದವರೇ.

ದೀಪದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಲು ಹೇಳಬೇಡಿ. ಮುಂದಿನದನ್ನು ತೆರೆಯಿಸುವುದಕ್ಕೆಂದೇ ಲೇಖಕರು ಅಧ್ಯಾಯದ ಕೊನೆಯನ್ನು ಕಟ್ಟಿರುತ್ತಾರೆ. ಅಧ್ಯಾಯದ ನಡುವೆ, ಯಾರೋ ಕಾಫಿ ಕುಡಿಯುತ್ತಿರುವ ಪುಟದಲ್ಲಿ ನಿಲ್ಲಿಸಲು ಹೇಳಿ. ನಿದ್ದೆ ಬರುತ್ತದೆ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ಚಿಕ್ಕವರು ಮಲಗಿದ ಮೇಲೆ, ಹದಿಹರೆಯದ ಮಕ್ಕಳನ್ನು ಕೂರಿಸಿಕೊಂಡು ದಾನಿಯೇಲನ ಗ್ರಂಥದ 13ನೆಯ ಅಧ್ಯಾಯವನ್ನು ಮಗನಿಂದಲೋ ಮಗಳಿಂದಲೋ ಗಟ್ಟಿಯಾಗಿ ಓದಿಸಿ. ನಾನು ಮೇಲೆ ಹೇಳಿದ್ದನ್ನು ಅವರಿಗೆ ಹೇಳಬೇಡಿ. 43ನೆಯ ವಚನಕ್ಕೆ ಬಂದಾಗ ಸುಸನ್ನಳಿಗೆ ಮರಣದಂಡನೆ ವಿಧಿಸಿ ಆಗಿದೆ, ಅವಳು ದೇವರಿಗೆ ಮೊರೆಯಿಟ್ಟಿದ್ದಾಳೆ, ಸಾಕ್ಷಿಗಳಿಬ್ಬರೂ ಊರಿಗೆ ದೊಡ್ಡವರು. ಅಲ್ಲಿ ಬೈಬಲನ್ನು ಮುಚ್ಚಿ, ಈ ಹೆಂಗಸನ್ನು ನೀವಾದರೆ ಹೇಗೆ ಬಿಡಿಸುತ್ತೀರಿ ಎಂದು ಕೇಳಿ. ಉಳಿದ ವಚನಗಳನ್ನು ಅವರೇ ಹುಡುಕಿ ಓದಲಿ. ಅಂದು ದೀಪ ಹನ್ನೊಂದರವರೆಗೆ ಉರಿದರೆ ಉರಿಯಲಿ.